ಬಸ್ತಾನ್ ಕಣಿವೆಯ 15 ಊರುಗಳು: ನೀವು ಯಾವುದರಲ್ಲಿ ಉಳಿಯಬೇಕು?

ಮೊದಲ ಸಲ ಬಸ್ತಾನ್‌ಗೆ ಹೋದಾಗ ನಾನು ಫೋಟೊ ನೋಡಿ ಊರು ಆರಿಸಿದ್ದೆ. ಸಿಗಾ ಅಂತ ಊರಿನ ಹೆಸರು. ಎತ್ತರದಲ್ಲಿ ಒಂದು ದೊಡ್ಡ ಚರ್ಚು, ಸುತ್ತ ಹುಲ್ಲಿನ ಇಳಿಜಾರು, ಕೆಳಗೆ ಇಡೀ ಕಣಿವೆ. ಫೋಟೊ ಸುಳ್ಳು ಹೇಳಿರಲಿಲ್ಲ. ಊರು ಹಾಗೇ ಇತ್ತು. ಆದರೆ ನನ್ನ ಹತ್ತಿರ ಕಾರಿರಲಿಲ್ಲ, ಬಸ್ಸು ಕೆಳಗಿನ ಹೆದ್ದಾರಿಯಲ್ಲೇ ಹೋಗಿಬಿಡುತ್ತಿತ್ತು. ಮೂರು ದಿನದಲ್ಲಿ ಎರಡು ದಿನ ಮಳೆ. ನೋಡಬೇಕೆಂದು ಬರೆದಿಟ್ಟುಕೊಂಡಿದ್ದರಲ್ಲಿ ಅರ್ಧವನ್ನೂ ನೋಡಲಿಲ್ಲ.

ಎರಡನೇ ಸಲ ಕಾರು ತೆಗೆದುಕೊಂಡು ಹೋಗಿ ಎರ್ರಾತ್ಸು ಎಂಬ ಊರಿನಲ್ಲಿ ಉಳಿದೆ. ಕಣಿವೆ ಅದೇ, ಮಳೆಯೂ ಅದೇ. ಆದರೂ ಬೇರೆಯೇ ನಾಡಿಗೆ ಬಂದ ಹಾಗಿತ್ತು. ಬಸ್ತಾನ್‌ಗೆ ಹೋಗಬೇಕೋ ಬೇಡವೋ ಅನ್ನುವುದು ದೊಡ್ಡ ಪ್ರಶ್ನೆಯಲ್ಲ, ಖಂಡಿತ ಹೋಗಿ. ಅದರೊಳಗೆ ಯಾವ ಊರು ಅನ್ನುವುದೇ ಪ್ರಶ್ನೆ. ಯುರೋಪಿನಲ್ಲಿ ಕೆಲಸಕ್ಕೋ ಓದಿಗೋ ಇರುವ ಕನ್ನಡದವರು, ಸ್ಪೇನ್ ನೋಡಲು ಇಲ್ಲಿಂದ ಹೊರಡುವವರು ಸುಮ್ನೆ ಫೋಟೊ ನಂಬಿ ಬುಕ್ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಪರಿಚಯ

ಬಸ್ತಾನ್ ಇರುವುದು ಸ್ಪೇನಿನ ನವಾರಾ ಪ್ರಾಂತ್ಯದ ಉತ್ತರ ತುದಿಯಲ್ಲಿ, ಫ್ರಾನ್ಸ್ ಗಡಿಗೆ ಅಂಟಿಕೊಂಡು. ಮನೆಮಾತು ಬಾಸ್ಕ್. ಆಡಳಿತದ ಲೆಕ್ಕದಲ್ಲಿ ಇದು ಒಂದೇ ಪುರಸಭೆ. ಆದರೆ ಒಳಗೆ 15 ಊರುಗಳಿವೆ: ಎಲಿಸೊಂದೊ, ಎಲ್ಬೆತೆ, ಇರುರಿತಾ, ಗಾರ್ತ್ಸಾಯಿನ್, ಲೆಕಾರೊಸ್, ಅರ್ರಾಯೋಸ್, ಒರೊನೊಸ್, ಅಲ್ಮಾಂದೊಸ್, ಬೆರ್ರೊಯೆತಾ, ಅನಿಸ್, ಸಿಗಾ, ಅರಿಸ್ಕುನ್, ಅಸ್ಪಿಲ್ಕುಯೆತಾ, ಎರ್ರಾತ್ಸು, ಅಮಾಯುರ್. ಎಲ್ಲ ಸೇರಿಸಿದರೂ ಸುಮಾರು ಎಂಟು ಸಾವಿರ ಜನ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿ ಎಲಿಸೊಂದೊ ಒಂದರಲ್ಲೇ ಇದ್ದಾರೆ. ಉಳಿದ 14 ಊರುಗಳಲ್ಲಿ ಎಷ್ಟು ಕಡಿಮೆ ಜನ ಅಂತ ಇದರಿಂದಲೇ ಗೊತ್ತಾಗುತ್ತದೆ. ಜಾಗ ಮಾತ್ರ ವಿಶಾಲ, ಸುಮಾರು 375 ಚದರ ಕಿಲೋಮೀಟರ್.

ಇಷ್ಟು ಊರು ಸೇರಿ ಒಂದೇ ಪುರಸಭೆ ಯಾಕೆ? ಕಾರಣ ಬೆಟ್ಟ. ಸುತ್ತಲಿನ ಬೆಟ್ಟ, ಕಾಡು, ಹುಲ್ಲುಗಾವಲು ಬಹುಪಾಲು ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಕಣಿವೆಯ ಸ್ವತ್ತು. ಯಾರ ಕುರಿ ಎಲ್ಲಿ ಮೇಯಬೇಕು, ಜರಿಗಿಡವನ್ನು ಯಾರು ಕೊಯ್ಯಬೇಕು ಎಂಬುದಕ್ಕೆಲ್ಲ ಕಣಿವೆಯದೇ ಕಟ್ಟಳೆಗಳಿವೆ. 1440ರ ತೀರ್ಪೊಂದು ಈ ಕಣಿವೆಯವರೆಲ್ಲ ಕುಲೀನರು ಎಂದು ಒಪ್ಪಿತು. ಅದಕ್ಕೇ ಇಲ್ಲಿ ಸಾಧಾರಣ ರೈತನ ಮನೆಯ ಮೇಲೂ ಕಲ್ಲಿನ ಲಾಂಛನ ಇರುತ್ತದೆ: ಕಪ್ಪು ಬಿಳಿಯ ಚದುರಂಗದ ಹಾಸು. ಯಾವ ಊರಿಗೆ ಹೋದರೂ ಬಾಗಿಲ ಮೇಲೆ ಅದನ್ನು ಹುಡುಕಿ. "ಎಲ್ಲರೂ ಕುಲೀನರು" ಅನ್ನುವ ಮಾತನ್ನು ಮಾತ್ರ ನೆನಪಿನಲ್ಲಿಡಿ. ಅರಿಸ್ಕುನ್ ಬಂದಾಗ ಅದಕ್ಕೆ ಮರಳುತ್ತೇನೆ.

ಹೆಸರು ಓದುವುದಕ್ಕೆ ಒಂದು ಚಿಕ್ಕ ಸಹಾಯ. ಅಲ್ಲಿನ ಫಲಕಗಳಲ್ಲಿ ಜೆಡ್ ಅಕ್ಷರ ಕಂಡರೆ "ಸ" ಎಂದು ಓದಿ, ಎಕ್ಸ್ ಕಂಡರೆ "ಶ" ಎಂದು ಓದಿ. ಬಸ್ತಾನ್ ಅನ್ನು "ಬಜ್ಟಾನ್" ಎಂದು ಕೇಳಿದರೆ ದಾರಿ ಹೇಳುವವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ.

ಕಾರು ಇದೆಯೋ ಇಲ್ಲವೋ

ಅಂದ, ಇತಿಹಾಸ, ಊಟ ಎಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಟ್ಟುಕೊಳ್ಳಿ.

ನವಾರಾದ ರಾಜಧಾನಿ ಪಂಪ್ಲೋನಾದಿಂದ ಎಲಿಸೊಂದೊಗೆ ಸುಮಾರು 57 ಕಿಲೋಮೀಟರ್. ಬೆಲಾತೆ ಸುರಂಗ ದಾಟಿ ಬರುವ ಹೆದ್ದಾರಿ, ಬಸ್ಸಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಸಾನ್ ಸೆಬಾಸ್ಟಿಯನ್ ಕಡೆಯಿಂದಲೂ ಬಸ್ಸಿದೆ. ರೈಲಿಲ್ಲ. ಇರುನ್‌ನಿಂದ ನದಿ ಪಕ್ಕದಲ್ಲೇ ಎಲಿಸೊಂದೊವರೆಗೆ ಒಂದು ಪುಟ್ಟ ರೈಲು ಬರುತ್ತಿತ್ತು, 1956ರಲ್ಲಿ ಅದು ನಿಂತುಹೋಯಿತು. ಆ ಹಳಿಯ ಬಹಳಷ್ಟು ಜಾಗದಲ್ಲಿ ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿಯಿದೆ.

ಬಸ್ಸು ನಂಬಿದವರಿಗೆ ಸರಿಹೊಂದುವುದು ಮುಖ್ಯ ರಸ್ತೆಯ ಮೇಲಿರುವ ಊರುಗಳು: ಒರೊನೊಸ್, ಇರುರಿತಾ, ಎಲಿಸೊಂದೊ. ಇನ್ನು ಎಲ್ಬೆತೆ ಎಲಿಸೊಂದೊಗೆ ಒಂದೇ ಕಿಲೋಮೀಟರ್. ಸಿಗಾ, ಅನಿಸ್, ಬೆರ್ರೊಯೆತಾ, ಅಸ್ಪಿಲ್ಕುಯೆತಾ, ಎರ್ರಾತ್ಸು ಇವೆಲ್ಲ ಪಕ್ಕದ ರಸ್ತೆಗಳಲ್ಲಿವೆ. ದೂರ ಜಾಸ್ತಿ ಇಲ್ಲ, ಎಲಿಸೊಂದೊದಿಂದ ಎಲ್ಲವೂ ಸುಮಾರು ಹತ್ತು ಹದಿನೈದು ಕಿಲೋಮೀಟರಿನೊಳಗೆ. ಆದರೆ ಏರು ಇಳಿವಿನ ದಾರಿಯಲ್ಲಿ, ಮಳೆಯಲ್ಲಿ, ದಿನಸಿ ಚೀಲ ಹಿಡಿದು ನಡೆಯುವಾಗ ಹತ್ತು ಕಿಲೋಮೀಟರ್ ಅಂದರೆ ಏನು ಅಂತ ನನಗೆ ಗೊತ್ತು.

ಕಾರಿಲ್ಲದವರು ಈ ಲೇಖನದಲ್ಲಿ ಎಲಿಸೊಂದೊ ಭಾಗವನ್ನಷ್ಟೇ ಉಳಿಯುವುದಕ್ಕಾಗಿ ಓದಿ. ಉಳಿದದ್ದನ್ನು ಹಗಲು ಸುತ್ತಾಟಕ್ಕೆ ಇಟ್ಟುಕೊಳ್ಳಿ.

ಎಲಿಸೊಂದೊ: ಒಂದೇ ರಾತ್ರಿಯಿದ್ದರೆ ಇಲ್ಲೇ

"ಎಲಿಸಾ" ಅಂದರೆ ಚರ್ಚು, "ಒಂದೊ" ಅಂದರೆ ಪಕ್ಕ. ನಮ್ಮಲ್ಲಿ ಗುಡಿಪಕ್ಕ ಅಂದ ಹಾಗೆ. ಅಂಗಡಿ, ಔಷಧಿ, ಬ್ಯಾಂಕು, ಟ್ಯಾಕ್ಸಿ, ಬೆಳಗಿನ ಕಾಫಿ ಎಲ್ಲ ಸಿಗುವ ಕಣಿವೆಯ ಒಂದೇ ಊರು ಇದು. ನದಿ ಊರಿನ ನಡುವೆಯೇ ಹರಿಯುತ್ತದೆ. ಹಳೆಯ ಕೇರಿಯಾದ ಚೊಕೊತೊದಲ್ಲಿ ನದಿಗೆ ಒಂದು ಕಟ್ಟೆಯಿದೆ. ರಾತ್ರಿ ಊರು ಮಲಗಿದ ಮೇಲೂ ಆ ನೀರಿನ ಸದ್ದು ಮಾತ್ರ ನಿಲ್ಲುವುದಿಲ್ಲ.

ಆ ನದಿ ಯಾವಾಗಲೂ ಮೆತ್ತಗೆ ಇರುವುದಿಲ್ಲ. 1913ರ ಪ್ರವಾಹದಲ್ಲಿ ಹಳೆಯ ಚರ್ಚು ಹಾಳಾಯಿತು. ಈಗ ಕಾಣುವ ಸಾಂತಿಯಾಗೊ ಚರ್ಚನ್ನು ಆಮೇಲೆ, ನದಿಯಿಂದ ದೂರ ಸರಿಸಿ ಕಟ್ಟಿದರು. 2014ರ ಜುಲೈನಲ್ಲೂ ನೀರು ಬೀದಿಗೆ ನುಗ್ಗಿತ್ತು. ಊರಿನ ಆಕಾರ ಅರ್ಥವಾಗಬೇಕಾದರೆ ಈ ನದಿಯನ್ನು ಮೊದಲು ನೋಡಬೇಕು.

ಇಲ್ಲಿ ಎರಡು ಕಟ್ಟಡ ತಪ್ಪಿಸಬೇಡಿ. ಒಂದು 18ನೇ ಶತಮಾನದ ಅರಿಸ್ಕುನೆನೆಯಾ ಅರಮನೆ. ಈ ಕಣಿವೆಯ ಮಕ್ಕಳು ಆ ಕಾಲದಲ್ಲಿ ಮ್ಯಾಡ್ರಿಡ್‌ಗೆ, ಅಮೆರಿಕಕ್ಕೆ ಹೋಗಿ ಹಣ ಮಾಡಿ ಊರಿಗೆ ಕಳಿಸಿದರು. ಅಂಥ ಹಣದ ಗುರುತು ಕಣಿವೆ ತುಂಬ ಇದೆ. ಇನ್ನೊಂದು ಪುರಿಯೊಸೆನೆಯಾ ಎಂಬ ಹಳೆಯ ಮನೆಯಲ್ಲಿರುವ ವಸ್ತುಸಂಗ್ರಹಾಲಯ. ಹಾಲು ಕರೆಯುವ ಮರದ ಪಾತ್ರೆ, ನೇಗಿಲು, ಈ ಕಣಿವೆಯನ್ನು ಬಿಡಿಸಿದವರ ಚಿತ್ರಗಳು ಇಲ್ಲಿವೆ. ಮಳೆ ಬಂದ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಜಾಗ. ಇಡೀ ಹೇಸಲ್ ಕಾಯಿ ಹಾಕಿದ ದಪ್ಪ ಚಾಕೊಲೇಟ್ ಈ ಊರಿನ ಹೆಸರುವಾಸಿ ತಿಂಡಿ, ಮನೆಗೆ ಒಂದೆರಡು ತನ್ನಿ.

ಕೊರತೆ ಏನು? ಇದು ಪೇಟೆ. ವಾಹನ ಓಡಾಡುತ್ತದೆ. ಪಿರನೀಸ್ ಬೆಟ್ಟಸಾಲಿನ ಉದ್ದಕ್ಕೂ ನಡೆಯುವವರ ದಾರಿ, ಫ್ರಾನ್ಸಿನ ಬಯೋನ್‌ನಿಂದ ಪಂಪ್ಲೋನಾಕ್ಕೆ ಹೋಗುವ ಯಾತ್ರಿಕರ ದಾರಿ, ಎರಡೂ ಇಲ್ಲೇ ಹಾದು ಹೋಗುವುದರಿಂದ ಬೇಸಿಗೆಯಲ್ಲಿ ಕೋಣೆ ಬೇಗ ತುಂಬುತ್ತದೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಕುರಿಯ ಗಂಟೆ ಕೇಳಬೇಕು ಅನ್ನುವವರಿಗೆ ಇದು ಸಾಲದು.

ಅಮಾಯುರ್, ಅರಿಸ್ಕುನ್, ಎರ್ರಾತ್ಸು: ನಿಜವಾದ ಆಯ್ಕೆ ಇರುವುದು ಈ ಮೂರರ ನಡುವೆ

ಕಾರಿದ್ದು, ಎರಡು ಮೂರು ರಾತ್ರಿ ಇರುವವರು ಕಣಿವೆಯ ಮೇಲ್ತುದಿಗೆ ಹೋಗಿ. ಮೂರೂ ಒಂದಕ್ಕೊಂದು ಹತ್ತಿರ, ಕೆಲವೇ ಕಿಲೋಮೀಟರ್. ಸ್ವಭಾವ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಅಮಾಯುರ್ ಒಂದೇ ಬೀದಿಯ ಊರು. ಉದ್ದ ಬೀದಿ, ಎರಡೂ ಬದಿ ಬಿಳಿ ಗೋಡೆಯ ದೊಡ್ಡ ಮನೆಗಳು, ಮೂಲೆಗೆ ಕೆಂಪು ಛಾಯೆಯ ಕಲ್ಲು, ಮರದ ಮೊಗಸಾಲೆಯಲ್ಲಿ ಹೂಕುಂಡ. ಅದರ ಮೇಲೆ ಗಾಸ್ತೆಲು ಎಂಬ ಗುಡ್ಡ. 1512ರಲ್ಲಿ ಪಕ್ಕದ ಕ್ಯಾಸ್ಟೀಲ್ ರಾಜ್ಯದವರು ನವಾರಾ ರಾಜ್ಯವನ್ನು ಗೆದ್ದುಕೊಂಡರು. ಹತ್ತು ವರ್ಷದ ಮೇಲೆ, 1522ರ ಜುಲೈನಲ್ಲಿ, ಸುಮಾರು 200 ಮಂದಿ ನವಾರಾದವರು ಈ ಗುಡ್ಡದ ಕೋಟೆಯಲ್ಲಿ ಕೊನೆಯದಾಗಿ ಎದುರು ನಿಂತರು. ಎದುರಿಗಿದ್ದದ್ದು ಸಾವಿರಾರು ಜನರ ಸೈನ್ಯ, ಫಿರಂಗಿಗಳು. ಕೋಟೆ ಬಿತ್ತು. ನಾಲ್ಕು ನೂರು ವರ್ಷವಾದ ಮೇಲೆ, 1922ರಲ್ಲಿ, ಅವರ ನೆನಪಿಗೆ ಗುಡ್ಡದ ಮೇಲೆ ಒಂದು ಕಲ್ಲಿನ ಕಂಬ ನಿಲ್ಲಿಸಿದರು. 1931ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಉರುಳಿಸಿದರು. 1982ರಲ್ಲಿ ಮತ್ತೆ ಕಟ್ಟಿದರು. ಸತ್ತವರ ನೆನಪಿನ ಕಲ್ಲನ್ನೂ ಉರುಳಿಸಬೇಕು ಅನ್ನಿಸುವಷ್ಟು ಈ ಕಥೆ ಇಲ್ಲಿ ಜೀವಂತವಾಗಿದೆ. ಈಚಿನ ವರ್ಷಗಳ ಅಗೆತದಲ್ಲಿ ಕೋಟೆಯ ಗೋಡೆಗಳು ಹೊರಬಂದಿವೆ. ಊರಿನಿಂದ ನಡೆದೇ ಹತ್ತಬಹುದು.

ಇಲ್ಲಿ ನಮಗೊಂದು ನೇರ ನಂಟಿದೆ. ಆ ಕೋಟೆಯೊಳಗೆ ಹೋರಾಡಿದವರಲ್ಲಿ ಮಿಗೆಲ್ ಮತ್ತು ಹುವಾನ್ ಎಂಬ ಅಣ್ಣತಮ್ಮಂದಿರಿದ್ದರು. ಅವರ ಕಿರಿಯ ತಮ್ಮನೇ ಮುಂದೆ ಸಂತನೆನಿಸಿದ ಫ್ರಾನ್ಸಿಸ್ ಕ್ಸೇವಿಯರ್. ಆಗ ಅವನಿಗೆ 16 ವರ್ಷ. ಇಪ್ಪತ್ತು ವರ್ಷದ ಮೇಲೆ, 1542ರಲ್ಲಿ, ಅವನು ಗೋವಾದಲ್ಲಿ ಹಡಗಿನಿಂದ ಇಳಿದ. ಅವನ ದೇಹ ಇವತ್ತಿಗೂ ಹಳೆ ಗೋವಾದ ಬೊಮ್ ಜೀಸಸ್ ಚರ್ಚಿನಲ್ಲಿದೆ. ಕಾರವಾರ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಆ ಹೆಸರಿನವರಿದ್ದಾರೆ, ಅಲ್ವಾ? ಅವನ ತಾಯಿ ಮರಿಯಾಳ ಮನೆತನದ ಹೆಸರು ಅಸ್ಪಿಲ್ಕುಯೆತಾ. ಆ ಮನೆತನದ ಮೂಲ ಅಮಾಯುರ್‌ನ ಹತ್ತಿರವೇ ಇರುವ, ಅದೇ ಹೆಸರಿನ ಊರು. ಕ್ಸೇವಿಯರ್ ಹುಟ್ಟಿದ ಕೋಟೆಮನೆ ನವಾರಾದ ಇನ್ನೊಂದು ಬದಿಯಲ್ಲಿದೆ. ಅಲ್ಲಿಗೆ ಪ್ರವಾಸಿಗಳ ಸಾಲೇ ಇರುತ್ತದೆ. ತಾಯಿಯ ಕಡೆಯ ಈ ಊರಿಗೆ ಯಾರೂ ಬರುವುದಿಲ್ಲ. ಅಸ್ಪಿಲ್ಕುಯೆತಾ ಅಂದರೆ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ ಕೇರಿಗಳು, ನಮ್ಮ ಮಲೆನಾಡಿನ ಒಂಟಿಮನೆಗಳ ಹಾಗೆ. ಗೋವಾದ ಜಾತ್ರೆಗೆ ಹೋಗಿಬಂದವರು, ಆ ಸಂತನ ಹೆಸರಿಟ್ಟುಕೊಂಡವರು ಅಮಾಯುರ್‌ನಲ್ಲೇ ಉಳಿದು ಒಂದು ಬೆಳಿಗ್ಗೆ ಇಲ್ಲಿಗೆ ಬನ್ನಿ.

ಅಮಾಯುರ್‌ನಲ್ಲಿ ಇನ್ನೊಂದು ಆಕರ್ಷಣೆ ನೀರಿನಿಂದ ತಿರುಗುವ ಹಳೆಯ ಗಿರಣಿ. ಅಲ್ಲಿ ಬೀಸಿದ ಹಿಟ್ಟಿನಲ್ಲಿ "ತಾಲೊ" ಎಂಬ ರೊಟ್ಟಿ ತಟ್ಟಿಕೊಡುತ್ತಾರೆ. ಮೆಕ್ಕೆಜೋಳದ ಹಿಟ್ಟು, ಬಿಸಿನೀರು, ಉಪ್ಪು, ಅಂಗೈ. ನಮ್ಮ ಜೋಳದ ರೊಟ್ಟಿಗೆ ಒಡಹುಟ್ಟು. ತಟ್ಟುವ ಸದ್ದೂ ಅದೇ. ಮುಂಚೆಯೇ ವಿಚಾರಿಸಿಕೊಂಡು ಹೋಗಿ.

ಅರಿಸ್ಕುನ್ ಕಥೆ ಬೇರೆ. ಈ ಊರಿನವರು ದೂರ ದೂರ ಹೋದವರು. ಎಲ್ ದೊರಾದೊ ಎಂಬ ಕಟ್ಟುಕಥೆಯ ಚಿನ್ನದ ನಾಡನ್ನು ಹುಡುಕುತ್ತ ಅಮೆಜಾನ್ ಕಾಡಿಗೆ ಹೊರಟು, 1561ರಲ್ಲಿ ತನ್ನವರಿಂದಲೇ ಕೊಲೆಯಾದ ಪೆದ್ರೊ ದೆ ಉರ್ಸುವಾ ಈ ಊರಿನ ಉರ್ಸುವಾ ಮನೆತನದವನು. 1656ರಲ್ಲಿ ಇಲ್ಲಿ ಹುಟ್ಟಿದ ಹುವಾನ್ ದೆ ಗೊಯೆನೆಚೆ ಮ್ಯಾಡ್ರಿಡ್ ಹತ್ತಿರ ನುಯೆವೊ ಬಸ್ತಾನ್, ಅಂದರೆ ಹೊಸ ಬಸ್ತಾನ್ ಎಂಬ ಊರನ್ನೇ ಕಟ್ಟಿಸಿದ.

ಆದರೆ ನಾನು ಅರಿಸ್ಕುನ್‌ಗೆ ಹೋಗಿ ಅನ್ನುವುದು ಇವರಿಬ್ಬರಿಗಾಗಿ ಅಲ್ಲ, ಬೊಸಾತೆ ಎಂಬ ಕೇರಿಗಾಗಿ. ಊರಿನಿಂದ ಸ್ವಲ್ಪ ಕೆಳಗೆ ಇದೆ. ಇಲ್ಲಿ ಅಗೋತೆಗಳು ಎಂದು ಕರೆಯಲಾದ ಜನ ಶತಮಾನಗಟ್ಟಲೆ ಬೇರೆಯಾಗಿ ಬದುಕಿದರು. ಅವರು ಎಲ್ಲಿಂದ ಬಂದರು ಎಂಬುದಕ್ಕೆ ಉತ್ತರ ಇಲ್ಲ. ಮಾತು ಒಂದೇ, ದೇವರು ಒಬ್ಬನೇ, ಮುಖವೂ ಬೇರೆಯಲ್ಲ. ಆದರೂ ಬೇರೆಯವರ ಜೊತೆ ಮದುವೆ ಇಲ್ಲ. ಚರ್ಚಿನಲ್ಲಿ ಹಿಂದೆ, ಬೇರೆ ನಿಲ್ಲಬೇಕು. ಕಣಿವೆಯ ಸಾಮೂಹಿಕ ಬೆಟ್ಟದಲ್ಲಿ ಹಕ್ಕಿಲ್ಲ. ಮರಗೆಲಸ, ಕಲ್ಲುಗೆಲಸ, ಗಿರಣಿ, ವಾದ್ಯ ನುಡಿಸುವುದು ಅವರ ಪಾಲಿಗೆ ಬಂದ ಕೆಲಸಗಳು. ಹಬ್ಬದಲ್ಲಿ ಅವರ ವಾದ್ಯ ಬೇಕು, ಅವರು ಬೇಡ. ಅವರು ರೋಮಿನ ಪೋಪ್‌ವರೆಗೆ ಮನವಿ ಕೊಂಡುಹೋದರು. 1515ರಲ್ಲಿ ಪೋಪ್ ಲಿಯೋ ಹತ್ತನೆಯವನು ಅವರ ಪರವಾಗಿ ಹೇಳಿದ. ಊರು ಕೇಳಲಿಲ್ಲ. ನವಾರಾದ ಕಾನೂನು ಭೇದವನ್ನು ತೆಗೆದುಹಾಕಿದ್ದು 1817–18ರಲ್ಲಿ. ಜನರ ಮನಸ್ಸಿನಿಂದ ಹೋಗಲು ಅದಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

"ಎಲ್ಲರೂ ಕುಲೀನರು" ಎಂದ ಕಣಿವೆ ಇದೇ. ಕರ್ನಾಟಕದಿಂದ ಹೋದವರಿಗೆ ಈ ಕೇರಿಯಲ್ಲಿ ನಿಂತಾಗ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಊರು ಎಲ್ಲಿ ಮುಗಿಯುತ್ತದೆ, ಕೇರಿ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ನಮ್ಮ ಕಣ್ಣು ತಾನೇ ಗುರುತಿಸುತ್ತದೆ. ನನಗೆ ಇಡೀ ಬಸ್ತಾನ್‌ನಲ್ಲಿ ಜಾಸ್ತಿ ಹೊತ್ತು ಕಾಲು ನಿಂತದ್ದು ಇಲ್ಲಿ. ಬೊಸಾತೆಯವರೇ ಆದ ಶಿಲ್ಪಿ ಶಾಬಿಯೆರ್ ಸಾಂಚೊತೆನಾ ತಮ್ಮ ಜನರ ನೆನಪಿಗೆ ಇಲ್ಲಿ ಶಿಲ್ಪವನ ಮಾಡಿದ್ದಾರೆ. ಮರ, ಕಬ್ಬಿಣ, ಕಲ್ಲು, ಅದೇ ಹಳೆಯ ಕಸುಬುಗಳ ವಸ್ತುಗಳಲ್ಲಿ. ವರ್ಷವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ಉಳಿಯುವುದಕ್ಕೆ ಅರಿಸ್ಕುನ್ ಆರಿಸಬೇಕಾದ ಒಂದು ಸಮಯ ಇದೆ: ಕಾರ್ನಿವಲ್, ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಬರುವ ಮಂಗಳವಾರ. ಕುರಿಯ ಚರ್ಮ ಹೊದ್ದ "ಹಾರ್ತ್ಸಾ", ಅಂದರೆ ಕರಡಿ, ಬೀದಿಗೆ ಬರುತ್ತದೆ. ಕೈಯಲ್ಲಿ ಸೇಬು ಹಿಡಿದು ಕುಣಿಯುವ "ಸಾಗರ್ ದಾಂತ್ಸಾ" ಇದೆ. ಯುವಕರು ಮನೆಮನೆಗೆ ಹೋಗಿ ಮೊಟ್ಟೆ, ತಿನಿಸು ಎತ್ತುತ್ತಾರೆ. ನಮ್ಮ ಹೋಳಿ, ಸುಗ್ಗಿ ಕುಣಿತದ ತಂಡಗಳು ನೆನಪಾಗುತ್ತವೆ. ಬೇರೆ ದಿನಗಳಲ್ಲಿ ಅರಿಸ್ಕುನ್‌ಗೆ ಅರ್ಧ ದಿನ ಕೊಡಿ, ಅಲ್ಲೇ ಉಳಿಯಲೇಬೇಕೆಂದಿಲ್ಲ.

ಎರ್ರಾತ್ಸು ಕೊನೆಯ ಊರು. ಇದರಾಚೆ ಬೆಟ್ಟ, ಬೆಟ್ಟದಾಚೆ ಫ್ರಾನ್ಸ್. ತೊರೆಗಳು ಊರೊಳಗೇ ಹರಿಯುತ್ತವೆ, ಕಲ್ಲು ಹಾಸಿದ ಓಣಿಗಳು, ಕಲ್ಲಿನ ಸೇತುವೆಗಳು. ಪಕ್ಕದಲ್ಲೇ ಗೊರೊಸ್ತಾಪೊಲೊ ಎಂಬ ಪುಟ್ಟ ಕೇರಿ. ಅಲ್ಲಿಂದ ಕಾಡಿನೊಳಗೆ ನಡೆದರೆ ಶೊರ್ರೊಶಿನ್ ಜಲಪಾತ. ಜೋಗ ನೋಡಿದವರಿಗೆ ಎತ್ತರದಿಂದ ಅಚ್ಚರಿಯಾಗುವುದಿಲ್ಲ. ಇಲ್ಲಿ ಚೆಂದ ಇರುವುದು ದಾರಿಯಲ್ಲಿ: ಪಾಚಿ ಹಿಡಿದ ಕಲ್ಲುಗೋಡೆ, ಜರಿಗಿಡ, ಚೆಸ್ಟ್‌ನಟ್ ಮರ, ಸದಾ ಪಕ್ಕದಲ್ಲೇ ಬರುವ ನೀರು. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಮನೆಗೆ ಬಂದ ಹಾಗಾಗುತ್ತದೆ. ಜಿಗಣೆ ಮಾತ್ರ ಇಲ್ಲ. ಮಳೆ ಬಂದಿದ್ದರೆ ದಾರಿ ಜಾರುತ್ತದೆ, ಒಳ್ಳೆಯ ಶೂ ಬೇಕೇ ಬೇಕು.

ಊರಿನಿಂದ ಮೇಲಕ್ಕೆ ಹೋಗುವ ರಸ್ತೆ ಇಸ್ಪೆಗಿ ಘಾಟಿಗೆ ಏರುತ್ತದೆ, ಸುಮಾರು 670 ಮೀಟರ್ ಎತ್ತರ. ಅಲ್ಲಿ ಗಡಿ. ಇಳಿದರೆ ಫ್ರಾನ್ಸಿನ ಬಾಸ್ಕ್ ಊರು ಬೈಗೊರ್ರಿ. ಅಲ್ಲೂ ಅದೇ ಭಾಷೆ, ಹೆಚ್ಚು ಕಡಿಮೆ ಅದೇ ಮನೆ. ಷೆಂಗೆನ್ ವೀಸಾ ಇದ್ದವರಿಗೆ ಬೇರೆ ಅನುಮತಿ ಬೇಕಿಲ್ಲ, ಆದರೂ ಪಾಸ್‌ಪೋರ್ಟ್ ಜೊತೆಗಿರಲಿ. ಬ್ರಿಟನ್ನಿನಲ್ಲಿರುವವರು ನೆನಪಿಡಿ, ಅಲ್ಲಿನ ವೀಸಾ ಇಲ್ಲಿ ನಡೆಯುವುದಿಲ್ಲ.

ನನ್ನ ತೀರ್ಮಾನ ಕೇಳಿದರೆ: ನಡೆಯುವ ಕಾಲಿದ್ದರೆ ಎರ್ರಾತ್ಸು. ಕಥೆ ಕೇಳುವ ಮನಸ್ಸಿದ್ದರೆ, ಹಿರಿಯರು ಜೊತೆಗಿದ್ದರೆ ಅಮಾಯುರ್. ಅರಿಸ್ಕುನ್‌ಗೆ ಎರಡರಿಂದಲೂ ಹೋಗಿ ಬನ್ನಿ.

ಮಕ್ಕಳಿದ್ದರೆ ಕೆಳಗಿನ ತುದಿ

ಒರೊನೊಸ್ ನೋಡಲು ಅಷ್ಟು ಸೊಗಸಲ್ಲ. ಹೆದ್ದಾರಿಯ ಊರು. ಆದರೆ ಎದುರಿಗೇ ಬೆರ್ತಿಸ್ ಉದ್ಯಾನದ ಬಾಗಿಲಿದೆ. ಉದ್ಯಾನ ಪಕ್ಕದ ಪುರಸಭೆಗೆ ಸೇರಿದ್ದು, ಆದರೂ ಇಲ್ಲಿಂದ ನಡಿಗೆಯ ದೂರ. ಪೆದ್ರೊ ಸಿಗಾ ಎಂಬಾತ 1898ರಲ್ಲಿ ಈ ಜಮೀನು ಕೊಂಡ. ನದಿ ದಡದ ತೋಟದಲ್ಲಿ ಬೇರೆ ಬೇರೆ ದೇಶದ ಮರ ನೆಟ್ಟ. 1949ರಲ್ಲಿ, ಹೀಗೇ ಕಾಪಾಡಬೇಕು ಎಂಬ ಷರತ್ತಿನ ಮೇಲೆ, ಎಲ್ಲವನ್ನೂ ನವಾರಾಕ್ಕೆ ಬಿಟ್ಟುಕೊಟ್ಟ. ಸುಮಾರು 2,000 ಹೆಕ್ಟೇರ್, ಬಹುಪಾಲು ಬೀಚ್ ಮತ್ತು ಓಕ್ ಕಾಡು. ತೋಟ ಸಮತಟ್ಟು, ತಳ್ಳುಗಾಡಿಯ ಮಗುವನ್ನೂ ಕರೆದೊಯ್ಯಬಹುದು. ಕಾಡಿನ ದಾರಿಗಳು ಚಿಕ್ಕದೂ ಇವೆ, ದೊಡ್ಡದೂ ಇವೆ.

ಇರುರಿತಾ ಕಣಿವೆಯ ಎರಡನೇ ದೊಡ್ಡ ಊರು, ಎಲಿಸೊಂದೊಗೆ ಮೂರು ಕಿಲೋಮೀಟರ್. ಹಳೆಯ ಗೋಪುರಮನೆಗಳು, ಅರಮನೆಗಳು ಇವೆ, ಗದ್ದಲ ಕಡಿಮೆ. ಎಲಿಸೊಂದೊದಲ್ಲಿ ಜಾಗ ಸಿಗದಿದ್ದರೆ ಬೇಜಾರಿಲ್ಲದೆ ಇಲ್ಲಿ ಉಳಿಯಬಹುದು. ಮಕ್ಕಳಿರುವ ಮನೆಯವರಿಗೆ ನಾನು ಒರೊನೊಸ್‌ಗಿಂತ ಇರುರಿತಾ ಅನ್ನುತ್ತೇನೆ. ಉದ್ಯಾನಕ್ಕೆ ಕಾರಿನಲ್ಲಿ ಸ್ವಲ್ಪ ಹೊತ್ತು, ಸಂಜೆಗೆ ಒಂದು ನಿಜವಾದ ಊರು.

ಉಳಿದ ಊರುಗಳು

ಸಿಗಾ, ಅನಿಸ್, ಬೆರ್ರೊಯೆತಾ ಮೂರೂ ಎತ್ತರದಲ್ಲಿವೆ. ಸಿಗಾದ ಚರ್ಚನ್ನು ಬಸ್ತಾನ್‌ನ ಕೆಥೆಡ್ರಲ್ ಅನ್ನುತ್ತಾರೆ, ಅಷ್ಟು ದೊಡ್ಡದು. ಹತ್ತಿರದ ನೋಟದ ಕಟ್ಟೆಯಿಂದ ಕಣಿವೆ ಒಂದೇ ಹಾಸಿನಲ್ಲಿ ಕಾಣುತ್ತದೆ. ಏನೂ ಮಾಡದೆ ಒಂದು ವಾರ ಓದಿಕೊಂಡಿರಬೇಕು ಅನ್ನುವವರಿಗೆ, ಕಾರಿದ್ದರೆ, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅರ್ರಾಯೋಸ್‌ನಲ್ಲಿ ಹೌರೆಗಿಸಾರ್ರೆಯಾ ಎಂಬ ಕಲ್ಲು ಮತ್ತು ಮರದ ಗೋಪುರಮನೆ ನೋಡಿ, ಹೆಸರಿನ ಅರ್ಥ ಹಳೆಯ ಅರಮನೆ. ಲೆಕಾರೊಸ್ ಅನ್ನು 1835ರಲ್ಲಿ, ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಕಾರ್ಲಿಸ್ಟ್ ಯುದ್ಧದ ನಡುವೆ, ಜನರಲ್ ಮಿನಾ ಸುಡಿಸಿದ. ಇವತ್ತು ಅದು ಶಾಂತ ಇಳಿಜಾರು. ಅಲ್ಮಾಂದೊಸ್ ಬೆಲಾತೆ ಘಾಟಿಯ ಬುಡದಲ್ಲಿದೆ, ಶರತ್ಕಾಲದ ಬೀಚ್ ಕಾಡಿಗೆ ಅನುಕೂಲ. ಎಲ್ಬೆತೆ, ಗಾರ್ತ್ಸಾಯಿನ್ ಎಲಿಸೊಂದೊದಿಂದ ಸಂಜೆ ನಡಿಗೆಗೆ ಸರಿ.

ಇನ್ನು ಮಾಟಗಾತಿಯರ ಗುಹೆ ಎಂದು ಹೆಸರಾದ ಸುಗಾರ್ರಾಮುರ್ದಿ. ಅದು ಬಸ್ತಾನ್ ಅಲ್ಲ, ಒಟ್ಸೊಂದೊ ಘಾಟಿ ದಾಟಿ ಆಚೆ ಇರುವ ಬೇರೆ ಪುರಸಭೆ. 1610ರಲ್ಲಿ ಲೊಗ್ರೊನ್ಯೊ ಪಟ್ಟಣದ ಧರ್ಮನ್ಯಾಯಾಲಯ ಮಾಟದ ಆರೋಪದಲ್ಲಿ ಶಿಕ್ಷಿಸಿದ ಜನರಲ್ಲಿ ಹಲವರು ಅಲ್ಲಿಯವರು, ಬಡ ಹಳ್ಳಿಗರು. ಅರ್ಧ ದಿನಕ್ಕೆ ಹೋಗಿ. ಅಲ್ಲೇ ಉಳಿದು ಬಸ್ತಾನ್ ನೋಡುತ್ತೇನೆ ಅಂದರೆ ದಿನಾ ಘಾಟಿ ಹತ್ತಿ ಇಳಿಯಬೇಕಾಗುತ್ತದೆ.

ಹೋಟೆಲ್ಲೋ ಹಳ್ಳಿಮನೆಯೋ, ಮತ್ತು ಊಟ

ಎಲಿಸೊಂದೊ ಬಿಟ್ಟರೆ ಹೆಚ್ಚಿನ ಕಡೆ ಸಿಗುವುದು ಹಳ್ಳಿಮನೆ. ಸ್ಪ್ಯಾನಿಷ್‌ನಲ್ಲಿ "ಕಾಸಾ ರುರಾಲ್", ಬಾಸ್ಕ್‌ನಲ್ಲಿ "ಲಾಂದೆಚೆ". ಎರಡು ಬಗೆ: ಮನೆಯವರ ಜೊತೆ ಒಂದು ಕೋಣೆ, ಇಲ್ಲವೇ ಇಡೀ ಮನೆ. ಶಾಕಾಹಾರಿಗಳು ಕಣ್ಣು ಮುಚ್ಚಿಕೊಂಡು ಅಡುಗೆಮನೆ ಇರುವುದನ್ನೇ ತೆಗೆದುಕೊಳ್ಳಿ. ಈ ಕಣಿವೆಯ ಹೆಸರಾಂತ ಸೂಪು ಕುರಿಮಾಂಸದ್ದು. ಹುರುಳಿಕಾಯಿ, ಬೀನ್ಸ್ ಪಲ್ಯದಲ್ಲೂ ಹಂದಿಮಾಂಸದ ಚೂರು ಇರುತ್ತದೆ. ಸ್ಪ್ಯಾನಿಷ್‌ನಲ್ಲಿ "ಸಿನ್ ಕಾರ್ನೆ" (ಮಾಂಸ ಇಲ್ಲದೆ) ಎಂದು ಹೇಳಿದರೆ ಸಾಲದು, "ಸಿನ್ ಹಾಮೊನ್" (ಹಂದಿಮಾಂಸದ ಹ್ಯಾಮ್ ಇಲ್ಲದೆ) ಅಂತಲೂ ಸೇರಿಸಿ. ಬಾಸ್ಕ್‌ನಲ್ಲಿ "ಹಾರಾಗಿರಿಕ್ ಗಾಬೆ" ಅಂದರೆ ಮಾಂಸ ಇಲ್ಲದೆ. ಇದನ್ನು ಹೇಳಿದಾಗ ಎದುರಿನ ಮುಖ ಅರಳುವುದನ್ನು ನೋಡಿ.

"ಮಾಮಿಯಾ" ತಪ್ಪದೆ ತಿನ್ನಿ. ಕುರಿಹಾಲಿನ ಗಟ್ಟಿ ಮೊಸರಿನಂಥದು, ಜೇನು ಹಾಕಿ ಕೊಡುತ್ತಾರೆ. ಹಿಂದೆ ಮರದ ಪಾತ್ರೆಯಲ್ಲಿ ಹಾಲು ಕಾಯಿಸಲು ಕಾದ ಕಲ್ಲನ್ನು ಒಳಗೆ ಹಾಕುತ್ತಿದ್ದರು. ಆ ಸೀದ ವಾಸನೆಯೇ ಅದರ ರುಚಿ. ಆದರೆ ಒಂದು ಮಾತು: ಹಾಲು ಗಟ್ಟಿಯಾಗಿಸಲು ಕುರಿಮರಿಯ ಹೊಟ್ಟೆಯಿಂದ ಬರುವ ಹೆಪ್ಪನ್ನು ಬಳಸುವ ಪದ್ಧತಿಯಿದೆ, ಚೀಸಿಗೂ ಹಾಗೇ. ಕಟ್ಟುನಿಟ್ಟಿನ ಶಾಕಾಹಾರಿಗಳು ಕೇಳಿ ತಿನ್ನಿ.

ಅಡುಗೆಮನೆಗಳು ಮಧ್ಯಾಹ್ನ ಮೂರೂವರೆಗೆಲ್ಲ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಎಂಟೂವರೆಗೆ. ಸಣ್ಣ ಊರುಗಳಲ್ಲಿ ವಾರದ ದಿನ ಪೂರ್ತಿ ಮುಚ್ಚಿರಲೂಬಹುದು. ದಿನಸಿ ಎಲಿಸೊಂದೊದಲ್ಲೇ ತುಂಬಿಸಿಕೊಂಡು ಮೇಲಕ್ಕೆ ಹೋಗಿ, ಅದೂ ಶನಿವಾರದೊಳಗೆ. ಭಾನುವಾರ ಅಂಗಡಿಯೂ ಕಡಿಮೆ, ಬಸ್ಸೂ ಕಡಿಮೆ.

ಮಳೆ ವರ್ಷವಿಡೀ. ಮೇ, ಜೂನ್‌ನಲ್ಲಿ ಹಸಿರು ಕಣ್ಣು ಕುಕ್ಕುವಷ್ಟು. ಅಕ್ಟೋಬರ್, ನವೆಂಬರ್‌ನಲ್ಲಿ ಕಾಡು ಕೆಂಪಾಗುತ್ತದೆ, ಆಗ ಬೇಟೆಯ ಕಾಲವೂ ಹೌದು, ಕಾಡಿನಲ್ಲಿ ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ. ಜುಲೈನಲ್ಲಿ ಎಲಿಸೊಂದೊದಲ್ಲಿ ಬಸ್ತಾಂದಾರ್ರೆನ್ ಬಿಲ್ತ್ಸಾರ್ರಾ, ಅಂದರೆ ಬಸ್ತಾನ್‌ನವರ ಕೂಟ. 1963ರಿಂದ ನಡೆಯುತ್ತಿದೆ. ಊರೂರಿನವರು ಗಾಡಿ ಸಿಂಗರಿಸಿಕೊಂಡು ಬರುತ್ತಾರೆ. ಚೌಕದಲ್ಲಿ ಕೊಳಲು, ಪುಟ್ಟ ಡೋಲಿಗೆ ಸುತ್ತುಗಟ್ಟಿ "ಮುತಿಲ್ ದಾಂತ್ಸಾ" ಕುಣಿಯುತ್ತಾರೆ. ಒಂದೇ ದಿನದಲ್ಲಿ 15 ಊರನ್ನೂ ನೋಡುವ ಅವಕಾಶ ಇದೊಂದೇ.

ಕನ್ನಡದವರಿಗೆ ಬಾಸ್ಕ್ ಫಲಕಗಳನ್ನು ಓದುವುದೇ ಒಂದು ಖುಷಿ. ಎಚೆ ಅಂದರೆ ಮನೆ. ಎಚೆಯಾನ್, ಮನೆಯಲ್ಲಿ. ಎಚೆತಿಕ್, ಮನೆಯಿಂದ. ಎಚೆರಾ, ಮನೆಗೆ. ನಮ್ಮ ಹಾಗೇ ಬಾಲ ಅಂಟಿಸುತ್ತಾರೆ. ನೆಂಟಸ್ತಿಕೆ ಏನಿಲ್ಲ, ರೀತಿ ಮಾತ್ರ ಒಂದೇ. ಮನುಷ್ಯರನ್ನು ಮನೆಯ ಹೆಸರಿನಿಂದ ಗುರುತಿಸುವುದೂ ನಮ್ಮ ಹಾಗೇ. ಎಚೆಬೆರ್ರಿಯಾ ಎಂಬ ಅಡ್ಡಹೆಸರು ಅಲ್ಲಿ ತುಂಬ ಸಾಮಾನ್ಯ. ಅದನ್ನು ಕನ್ನಡಕ್ಕೆ ತಂದರೆ ಹೊಸಮನೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹಳ್ಳಿಮನೆ ಬುಕ್ ಮಾಡುವ ಮೊದಲು ಮಲಗುವ ಕೋಣೆ ಯಾವ ಮಹಡಿಯಲ್ಲಿದೆ ಅಂತ ಕೇಳಿಕೊಳ್ಳಿ. ಈ ಹಳೆಯ ಮನೆಗಳಲ್ಲಿ ನೆಲಮಹಡಿಯಲ್ಲಿ ದನಕರು ಇರುತ್ತಿದ್ದವು, ಅವುಗಳ ಬಿಸಿಗೆ ಮೇಲಿನ ಕೋಣೆಗಳು ಬೆಚ್ಚಗಿರುತ್ತಿದ್ದವು. ಈಗ ದನ ಇಲ್ಲ, ಕೋಣೆಗಳು ಮಾತ್ರ ಇನ್ನೂ ಮೇಲೇ ಇವೆ, ಮೆಟ್ಟಿಲು ಕಡಿದು. ಮಂಡಿ ನೋವಿದ್ದರೆ ಕೆಳಗೆ ಕೋಣೆ ಇರುವ ಮನೆ ಸಿಗುವವರೆಗೆ ಹುಡುಕಿ, ಊರು ಯಾವುದಾದರೂ ಸರಿ.